ಶುಂಠಿ ಹೆಚ್ಚು ಹಾಕಿದ ಚಹಾ

ಪರಿಸರ ವಿಜ್ಞಾನವೇ ಯಾಕೆ ಎಂದು ಸಂಭಾಜಿನಗರದ ವಿಶ್ವವಿದ್ಯಾಲಯದ ಈ ವಿಭಾಗದಲ್ಲಿ ಯಾರು ಕೇಳಿದರೂ ಆಸಕ್ತಿ ಇದೆ ಎಂದಷ್ಟೇ ಹೇಳುತ್ತೇನೆ. ಆದರೆ ಲ್ಯಾಬಿನಲ್ಲಿ ಬೋರ್‌ವೆಲ್ ನೀರಿನ ಬಾಟಲಿಯ ಮುಚ್ಚಳ ತೆಗೆದಾಗಲೆಲ್ಲ ನನಗೆ ಶುಂಠಿಯ ವಾಸನೆ ಬರುತ್ತದೆ.

ನಾಸಿಕ್‌ನ ಕಾರ್ಖಾನೆಗಳ ನಡುವೆ ನಮ್ಮದೊಂದು ಉಡುಪಿ ಹೋಟೆಲ್ ಇತ್ತು. ಒಂದು ಮಧ್ಯಾಹ್ನ ಶಾಲೆಯಿಂದ ನೇರ ಅಲ್ಲಿಗೆ ಹೋದಾಗ ಅಮ್ಮ ಅಡುಗೆಮನೆಯಲ್ಲಿ ಒಂದು ಚೊಂಬು ನೀರನ್ನು ಮೂಗಿನ ಹತ್ತಿರ ಹಿಡಿದು ನಿಂತಿದ್ದಳು. ಬೋರ್‌ವೆಲ್ ನೀರಿನ ಮೇಲೆ ಎಣ್ಣೆಯಂಥ ಪೊರೆ ತೇಲುತ್ತಿತ್ತು. ಪೇಂಟ್ ಡಬ್ಬಿ ತೆರೆದ ಹಾಗೆ ವಾಸನೆ.

"ಇದರಲ್ಲಿ ಚಾ ಮಾಡುದು ಬೇಡ," ಅಂದಳು ಅಮ್ಮ.

"ಶಿಫ್ಟ್ ಬಿಡುವ ಹೊತ್ತು. ಈಗ ಹೋಟೆಲ್ ಮುಚ್ಚುದಾ? ಶುಂಠಿ ಜಾಸ್ತಿ ಜಜ್ಜಿ ಹಾಕು, ವಾಸನೆ ಹೋಗ್ತದೆ," ಅಂದರು ಅಪ್ಪ.

ಅಮ್ಮ ಚೊಂಬು ಕೆಳಗಿಟ್ಟಳು. ಕಲ್ಲಿನಲ್ಲಿ ಶುಂಠಿ ಜಜ್ಜಿದಳು. ಅದರ ನಾರು ಅವಳ ಬೆರಳುಗಳಿಗೆ ಅಂಟಿಕೊಂಡಿತ್ತು.

ನೀಲಿ ಸಮವಸ್ತ್ರದ ಕೆಲಸಗಾರರು ಬಂದು ಬೆಂಚು ತುಂಬಿದರು. "ಶೇಠ್, ಆಜ್ ಚಹಾ ಏಕದಮ್ ಭಾರೀ!" ಎಂದು ಮರಾಠಿಯಲ್ಲಿ ಚಹಾ ಹೊಗಳಿ ಒಬ್ಬರು ಇನ್ನೊಂದು ಗ್ಲಾಸ್ ಕೇಳಿದರು. ಅಪ್ಪ ನಕ್ಕರು. ಗಲ್ಲಾದ ಹತ್ತಿರ ನಿಂತು, ಎಲ್ಲರಿಗೂ ಕಾಣುವ ಹಾಗೆ, ತಾವೂ ಒಂದು ಗ್ಲಾಸ್ ಕುಡಿದರು.

ನಾನೂ ಚಹಾಕ್ಕೆ ಕೈ ಚಾಚಿದೆ. ಅಪ್ಪ ಫ್ರಿಜ್ಜಿನಿಂದ ಸೀಲ್ ಒಡೆಯದ ನೀರಿನ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ ನನ್ನ ಕೈಗೆ ಕೊಟ್ಟರು.

"ನೀನು ಇದು ಕುಡಿ ಮಗಾ."

ಅಲ್ಲೇ ನಿಂತು ಪೂರ್ತಿ ಕುಡಿದೆ. ಆ ನೀರಿಗೆ ಯಾವ ವಾಸನೆಯೂ ಇರಲಿಲ್ಲ.