ಟ್ರೈಲರಿನ ಅಚ್ಚಿಗೆ ವಿಭೂತಿ

ಬಸ್ಸಿನ ಹಳೆಯ ಕಂಬಿ ಹಿಡಿದು ಕೈಗೆ ತುಕ್ಕಿನ ವಾಸನೆ ಅಂಟಿದಾಗಲೆಲ್ಲ ನಮ್ಮೂರು ಶಾಗ್ಯದ ಮನೆಯಂಗಳ, ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ಟ್ರ್ಯಾಕ್ಟರಿನ ಟ್ರೈಲರ್ ಅಚ್ಚು ಮುರಿದು ಒಂದು ಪಕ್ಕಕ್ಕೆ ವಾಲಿಕೊಂಡು ನಿಂತಿತ್ತು. ಅದನ್ನು ನೋಡಲು ಬಂದಿದ್ದ ಇನ್ಶೂರೆನ್ಸಿನವರು ಬಗ್ಗಿ, ಮುರಿದ ಜಾಗವನ್ನು ಬೆರಳಿನಿಂದ ಉಜ್ಜಿದರು. ಬೆರಳು ಕೆಂಪಾಯಿತು.

"ನಿನ್ನೆ ಮುರಿದಿದ್ದಕ್ಕೆ ಇಷ್ಟೊಂದು ತುಕ್ಕೇನ್ರಿ?"

"ನಿನ್ನೆ ಅಳ್ಳಕ್ಕೆ ಇಳ್ದಾಗ್ಲೇ ಮುರ್ದಿದ್ದು ಸಾ. ನೀರು ಕುಡ್ದದೆ, ಅದ್ಕೇಯ," ಎಂದ ಅಪ್ಪ.

ನಾನು ಲಂಗದ ಅಂಚು ಕಚ್ಚಿಕೊಂಡೆ. ಬೇಸಿಗೆಯಲ್ಲಿ, ಅಚ್ಚಿನ ಬಿರುಕು ಇನ್ನೂ ಸಣ್ಣದಿದ್ದಾಗ, ಅದರೊಳಗೆ ಹುಣಸೆಬೀಜ ತುರುಕಿ ಆಡಿದವಳು ನಾನೇ.

ಬಂದವರು ನಂಬಲಿಲ್ಲ. ಆಗ ಅಜ್ಜಿ ಒಳಗಿನಿಂದ ಮಾದಪ್ಪನ ವಿಭೂತಿ ಗಟ್ಟಿ ತಂದು ಅಪ್ಪನ ಮುಂದೆ ಹಿಡಿದಳು.

"ನನ್ ಮಗ ಸುಳ್ಳಾಡಲ್ಲ ಕಣ್ರಿ. ಇದ್ನ ಮುಟ್ಟಿ ಆಣೆ ಮಾಡ್ತಾನೆ, ನೋಡಿ."

ಅಪ್ಪ ಅಜ್ಜಿಯ ಮುಖವನ್ನೇ ತುಸು ಹೊತ್ತು ನೋಡಿದ. ಆಮೇಲೆ ಮುಟ್ಟಿದ.

"ನಿನ್ನೇನೇ ಸಾ."

ಇನ್ಶೂರೆನ್ಸಿನವರು ಅಪ್ಪನನ್ನು ಬಿಟ್ಟು ಅಜ್ಜಿಯನ್ನೇ ನೋಡುತ್ತಾ ಏನೋ ಬರೆದುಕೊಂಡು ಹೋದರು. ಸ್ವಲ್ಪ ದಿನದಲ್ಲೇ ಇನ್ಶೂರೆನ್ಸ್ ದುಡ್ಡಿನಲ್ಲಿ ಹೊಸ ಅಚ್ಚು ಬಂತು.

ಅಲ್ಲಿಂದಾಚೆ ಪ್ರತಿ ವರ್ಷ ನಾವು ಅದೇ ಟ್ರೈಲರಿನಲ್ಲಿ ತಾಳಬೆಟ್ಟದವರೆಗೆ ಹೋಗಿ, ಅಲ್ಲಿಂದ ಮಾದಪ್ಪನ ಬೆಟ್ಟವನ್ನು ನಡೆದು ಹತ್ತುತ್ತಿದ್ದೆವು. ಅಪ್ಪ ಮಾತ್ರ ಕೆಳಗೇ ಉಳಿಯುತ್ತಿದ್ದ.

"ಗಾಡಿ ಕಾಯಕ್ಕೆ ಒಬ್ರು ಬೇಕಲ್ಲವ್ವ. ನೀವು ಓಗ್ಬನ್ನಿ."

ಅಜ್ಜಿ ಒಂದು ಸಲವೂ ಒತ್ತಾಯ ಮಾಡಲಿಲ್ಲ. ಬೆಟ್ಟ ಇಳಿದು ಬಂದವಳೇ, ನಮ್ಮ ಹಣೆಗೆ ಹಚ್ಚಿ ಉಳಿದ ವಿಭೂತಿಯನ್ನೆಲ್ಲ ಟ್ರೈಲರಿನ ಅಚ್ಚಿಗೆ ಬಳಿದು ಕೈ ಕೊಡವಿಕೊಳ್ಳುತ್ತಿದ್ದಳು. ಪಕ್ಕದಲ್ಲೇ ನಿಂತಿರುತ್ತಿದ್ದ ಅಪ್ಪ ಟವೆಲ್ಲಿನಿಂದ ಬರಿಹಣೆ ಒರೆಸಿಕೊಂಡು ಟ್ರ್ಯಾಕ್ಟರ್ ಹತ್ತುತ್ತಿದ್ದ.