ಅಪ್ಪನ ವಾಲೈ ಮಡು

ದೋಣಿ ದಡ ಬಿಟ್ಟ ಮೇಲೆ ಲೆಂಪಿಯ ಕಣ್ಣಿಗೆ ಬಿದ್ದದ್ದು ಗಾಳದ ಕೋಲುಗಳು. ತೊಡೆಯ ಮೇಲಿದ್ದ ಕಾಫಿ ಡಬ್ಬಿಯನ್ನು ಅವಳು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಅಪ್ಪನ ಬೂದಿಗೆ ಗೌರವ ತೋರಿಸಲು ಮಕ್ಕಳಿಬ್ಬರೂ ಟೋಪಿ ತೆಗೆದು ಕೂತಿದ್ದರು. ಆ ಟೋಪಿಗಳನ್ನೇ ಗಾಳದ ರಾಟೆಗಳ ಮೇಲೆ ಮುಚ್ಚಿದ್ದರು.

“ತೌನೊ, ಅದೇನೋ ಅದು?”

“ಇದಾ?” ಹಿರಿಯ ಮಗ ಸರೋವರದ ಆಚೆ ದಡ ನೋಡಿದ. “ಹಳೇದು ಕಣಮ್ಮ. ದೋಣೀಲೇ ಇದ್ದಿರ್ಬೇಕು.”

“ಜಿಗಣೆ ಡಬ್ಬೀನೂ ದೋಣೀಲೇ ಇತ್ತಾ?”

“ಅಪ್ಪಂಗೆ ಜಿಗಣೆ ಅಂದ್ರೆ ಇಷ್ಟ ಇತ್ತಲ್ಲಮ್ಮ,” ಎಂದು ಕಿರಿಯವ ರೈಮೊ ಅಣ್ಣನ ನೆರವಿಗೆ ಬಂದ.

“ಮೀನಿಗೆ ಹಾಕೋಕೆ ಇಷ್ಟ ಇತ್ತು ಕಣೋ. ತಿಂತಿರ್ಲಿಲ್ಲ.”

ಬೇಸಿಗೆಯ ಸಂಜೆಗಳಲ್ಲಿ ಅವಳ ಗಂಡ ಉರ್ಹೊ ಇದೇ ಸರೋವರದಿಂದ ಚೀಲ ತುಂಬ ವಾಲೈ ಮೀನು ತರುತ್ತಿದ್ದ. ಎಲ್ಲಿ ಸಿಕ್ಕಿತು ಎಂದರೆ “ನೀರಲ್ಲಿ” ಎನ್ನುತ್ತಿದ್ದ. ಮಕ್ಕಳಿಗೆ ಸಿಗುತ್ತಿದ್ದದ್ದು ದಡದ ಬಂಡೆಗಳ ಹತ್ತಿರ ನೆಗೆದು ಕುಣಿದು ತಾನಾಗಿಯೇ ವಿಳಾಸ ಹೇಳುವ ಬಾಸ್ ಮೀನು ಮಾತ್ರ. ವಾಲೈ ಹಾಗಲ್ಲ, ಆಳದಲ್ಲಿ ಸದ್ದಿಲ್ಲದೆ ಇರುತ್ತದೆ, ಅದರ ಮಡು ಗೊತ್ತಿರಬೇಕು. ಹಿಂದೊಮ್ಮೆ ಅಪ್ಪ ತೋರಿಸಿದ ಒಂದು ಚಿಕ್ಕ ಮಡುವನ್ನು ರೈಮೊ ಫೋಟೊ ಸಮೇತ ಇಂಟರ್ನೆಟ್ಟಿಗೆ ಏರಿಸಿದ್ದ. ಮುಂದಿನ ಭಾನುವಾರ ಅಲ್ಲಿ ಪೇಟೆಯವರ ದೋಣಿಗಳು ಒಂದಕ್ಕೊಂದು ಗುದ್ದಿಕೊಂಡವು. ಅಂದಿನಿಂದ ಉರ್ಹೊನ ಬಾಯಿಗೆ ಬೀಗ. ದೊಡ್ಡ ಮಡು ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೇ. ಸಾಯುವ ಮುಂಚೆ ಅವಳ ಕೈ ಹಿಡಿದು ಭಾಷೆ ತೆಗೆದುಕೊಂಡಿದ್ದ: “ನನ್ನ ಬೂದೀನ ಆ ಮಡುವಿಗೇ ಹಾಕು. ಆದ್ರೆ ಆ ನನ್ಮಕ್ಳಿಗೆ ಮಾತ್ರ ಜಾಗ ಗೊತ್ತಾಗ್ಬಾರ್ದು.”

ಮಕ್ಕಳಿಗೂ ಅಪ್ಪನ ಕೊನೆಯಾಸೆ ಗೊತ್ತಿತ್ತು, ಮೊದಲರ್ಧ ಮಾತ್ರ. ಅಪ್ಪನಿಗೆ ಮೈ ಹುಷಾರಿಲ್ಲದಾಗ ಒಂದು ದಿನದ ರಜೆ ಸಿಗದವರು ಈ ಕೆಲಸಕ್ಕೆ ಇಡೀ ವಾರ ರಜೆ ಹಾಕಿ ಬಂದಿದ್ದರು.

“ಎಡಕ್ಕೆ ತಿರುಗಿಸು,” ಎಂದಳು ಲೆಂಪಿ.

ದೋಣಿ ಒಂದು ಕೊಲ್ಲಿಯೊಳಗೆ ನುಗ್ಗಿತು. ನೀರ ತುಂಬ ಪಾಚಿ, ಕೊಳೆತ ಮರದ ಬೊಡ್ಡೆಗಳು, ಸೊಳ್ಳೆಯ ಸಂತೆ.

“ಇಲ್ಲೇನಾ?” ತೌನೊ ಹುಟ್ಟನ್ನು ನೀರಿಗಿಳಿಸಿ ನೋಡಿದ. “ಸೊಂಟದುದ್ದಾನೂ ನೀರಿಲ್ವಲ್ಲಮ್ಮ.”

“ಅದಕ್ಕೇ ಅಲ್ವೇನೋ ಇಲ್ಲೀವರ್ಗೂ ಯಾರಿಗೂ ಗೊತ್ತಾಗದೆ ಇದ್ದಿದ್ದು.”

ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡರು. ಅಪ್ಪನ ಬುದ್ಧಿಗೆ ತಲೆದೂಗಿದರು. ರೈಮೊ ಮೊಬೈಲ್ ತೆಗೆದು ಜಾಗದ ಗುರುತು ಹಾಕಿಕೊಂಡ, ಆಮೇಲೆ ನೆನಪಾಗಿ ಕಣ್ಣೊರೆಸಿಕೊಂಡ.

ಲೆಂಪಿ ಡಬ್ಬಿ ಬಗ್ಗಿಸಿದಳು. ಬೂದಿ ಮುಳುಗಲಿಲ್ಲ, ಪಾಚಿಯ ಮೇಲೆ ತೆಳ್ಳಗೆ ಹರಡಿಕೊಂಡಿತು. ಕೊನೆಗೆ ಡಬ್ಬಿಯ ತಳದಿಂದ ಏನೋ ಜಾರಿ ದೋಣಿಯ ಅಂಚಿಗೆ ಟಣ್ ಎಂದು ಬಡಿದು ಒಳಗೆ ಬಿತ್ತು. ರೈಮೊ ಎತ್ತಿ ನೋಡಿದ.

“ಮೊಳೆ!”

ಲೆಂಪಿ ಖಾಲಿ ಡಬ್ಬಿಗೆ ಗಬಕ್ಕನೆ ಮುಚ್ಚಳ ಹಾಕಿದಳು.

“ಅಪ್ಪನ ಮಂಡಿ ಆಪರೇಷನ್ ಆಗಿತ್ತಲ್ಲೋ,” ಎಂದ ತೌನೊ, ದನಿ ತಗ್ಗಿಸಿ. “ಡಾಕ್ಟ್ರು ಹಾಕಿದ್ದು.”

“ತುಕ್ಕು ಹಿಡಿದಿದೆಯಲ್ಲ?”

“ಸರ್ಕಾರಿ ಆಸ್ಪತ್ರೆ. ಇನ್ನೇನು ಚಿನ್ನದ್ದು ಹಾಕ್ತಾರಾ?”

ತೌನೊ ಆ ಮೊಳೆಯನ್ನು ಕರವಸ್ತ್ರದಲ್ಲಿ ಸುತ್ತಿ, ಎದೆಯ ಜೇಬಿಗೆ ಇಳಿಸಿಕೊಂಡ. ಮರುಗಳಿಗೆಯಲ್ಲೇ ಎರಡು ಗಾಳಗಳು ಬೂದಿಯನ್ನು ಸೀಳಿಕೊಂಡು ನೀರಿಗೆ ಬಿದ್ದವು. ಸಂಜೆಯವರೆಗೆ ಅವರು ಎಳೆದದ್ದು ಪಾಚಿ, ಒಂದು ಹಳೆಯ ರಬ್ಬರ್ ಬೂಟು, ಮತ್ತೆ ಪಾಚಿ. ಬೂಟು ಅಪ್ಪನದೇ ಇರಬೇಕೆಂದು ರೈಮೊ ಅದನ್ನೂ ಇಟ್ಟುಕೊಂಡ.

ಅವರ ಬೆನ್ನುಗಳನ್ನೇ ನೋಡುತ್ತ ಲೆಂಪಿ ಸೊಳ್ಳೆ ಹೊಡೆದುಕೊಂಡು ಕೂತಿದ್ದಳು. ಅವಳ ಕೆಲಸ ನಸುಕಿನಲ್ಲೇ ಮುಗಿದಿತ್ತು. ಇಬ್ಬರೂ ಗೊರಕೆ ಹೊಡೆಯುತ್ತಿದ್ದಾಗ ಹಿಟ್ಟಿನ ಡ್ರಮ್ಮಿನ ಹಿಂದಿದ್ದ ಪೆಟ್ಟಿಗೆ ತೆಗೆದುಕೊಂಡು, ಒಬ್ಬಳೇ ಹುಟ್ಟು ಹಾಕುತ್ತ ಬಲಕ್ಕೆ ಹೋಗಿದ್ದಳು. ಅಲ್ಲಿ ಉರ್ಹೊ ಮರಳಿನಂತೆ ಸೊರ್ರನೆ ಸುರಿದು, ಹಿಂತಿರುಗಿ ನೋಡದೆ ಆಳಕ್ಕೆ ಇಳಿದುಹೋಗಿದ್ದ. ಅಳಬೇಕೆಂದುಕೊಂಡಳು. ಆದರೆ ಆ ಮಡುವಿನ ಮೇಲೆ ಕೂತು ಗಾಳ ಬಿಡದೆ ಬರಲು ಅವಳಿಂದಲೂ ಆಗಲಿಲ್ಲ. ಮೊದಲ ಎಸೆತಕ್ಕೇ ವಾಲೈ ಕಚ್ಚಿತು. ಅದರ ಗಾಜಿನಂಥ ಕಣ್ಣನ್ನು ಒಂದು ಗಳಿಗೆ ನೋಡಿ ಹೊಟ್ಟೆ ಉರಿದುಕೊಂಡೇ ನೀರಿಗೆ ಬಿಟ್ಟಳು. ಮನೆಗೆ ತಂದರೆ ಬಾಣಲೆಯ ವಾಸನೆಯೇ ಚಾಡಿ ಹೇಳೀತು.

ರಾತ್ರಿಯೂಟಕ್ಕೆ ಮುಂಚೆ ಮಕ್ಕಳು ಸೌನಾದ ಹಬೆಯಲ್ಲಿ ಮೈ ಬೇಯಿಸಿಕೊಳ್ಳುತ್ತ ಕೂತರು. ಹೊರಗಿನ ಕೋಣೆಯಿಂದ ಒಲೆಗೆ ಸೌದೆ ಒಡ್ಡುತ್ತಿದ್ದವಳು ಲೆಂಪಿ.

“ಅಮ್ಮ, ಬೆಳಿಗ್ಗೆ ನೋಡ್ದೆ,” ಹಬೆಯೊಳಗಿಂದ ರೈಮೊನ ದನಿ ಬಂತು. “ಒಲೆ ಎಷ್ಟು ಚೊಕ್ಕ ಗುಡಿಸಿದ್ದೆ! ಒಂದು ಚಿಟಿಕೆ ಬೂದಿ ಇರ್ಲಿಲ್ಲ.”

“ಹಳೇ ಹಲಗೆ ಎಲ್ಲಾ ಸುಟ್ಟಿದ್ದೆ. ತುಂಬ್ಕೊಂಡಿತ್ತು.”

“ಅಪ್ಪನ ಜಾಗ ಸುಲಭಕ್ಕೆ ಒಲಿಯಲ್ಲಮ್ಮ,” ತೌನೊ ನಿಟ್ಟುಸಿರು ಬಿಟ್ಟ. “ಪ್ರತಿ ವರ್ಷ ಬಂದು ಕೂರ್ಬೇಕು. ನೀನು ಎಲ್ಲಾ ಬೂದೀನೂ ಒಂದೇ ಸಲ ಸುರಿದ್ಬಿಟ್ಟೆ ನೋಡು. ಸ್ವಲ್ಪ ಉಳಿಸಿದ್ರೆ ವರ್ಷಕ್ಕಿಷ್ಟು ಅಂತ ಬಿಡಬಹುದಿತ್ತು.”

“ಅದಕ್ಕೇನಪ್ಪ,” ಎನ್ನುತ್ತ ಲೆಂಪಿ ಬರ್ಚ್ ಮರದ ದಪ್ಪ ಕೊರಡೊಂದನ್ನು ಒಲೆಯ ಬಾಯಿಗೆ ತಳ್ಳಿದಳು. “ಮುಂದಿನ ವರ್ಷಕ್ಕೂ ಆಗುತ್ತೆ ಬಿಡು.”