ಕೂಸಿಗೇ ತಂದೀನಿ

ಹುಬ್ಬಳ್ಳಿಯ ಒಂದು ಆಸ್ಪತ್ರೆ... ಹಸುಗೂಸುಗಳ ಐಸಿಯು.

ದಿನ ತುಂಬುವ ಮೊದಲೇ ಹುಟ್ಟಿದ ನೀಲಾಂಬಿಕಾಳ ಮಗು ಅಲ್ಲಿ ಕೆಲವು ದಿನ ಉಸಿರಾಡಿತು. ಹೋದ ವಾರ ಆ ಉಸಿರೂ ನಿಂತಿತು.

ಇವತ್ತು ಅವಳು ಮತ್ತೆ ಬಂದದ್ದು ಒಂದೇ ಕಾರಣಕ್ಕೆ. ಮಗುವಿಗೆಂದು ಹಿಂಡಿ ಕೊಟ್ಟಿದ್ದ ಎದೆಹಾಲಿನ ಬಾಟಲಿಗಳು ಇನ್ನೂ ಅಲ್ಲಿನ ಫ್ರೀಜರ್‌ನಲ್ಲಿದ್ದವು.

ಹೆಸರಿಡುವ ಮೊದಲೇ ಹೋದ ಮಗು ಅದು. ಪ್ರತಿ ಬಾಟಲಿಯ ಮೇಲೂ ಒಂದು ಚೀಟಿ... 'ನೀಲಾಂಬಿಕಾ ಅವರ ಮಗು'. ಆ ಕಂದನಿಗೆ ಈ ಲೋಕದಲ್ಲಿ ಉಳಿದಿದ್ದ ಗುರುತು ಅಷ್ಟೇ.

"ಮೇಡಂ, ನಮ್ಮಲ್ಲೇ ಹಾಲಿನ ಬ್ಯಾಂಕ್ ಐತ್ರಿ. ನೀವು ಹೂಂ ಅಂದ್ರ ಟೆಸ್ಟ್ ಮಾಡಿ ಬ್ಯಾರೆ ಕೂಸುಗಳಿಗೆ ಕೊಡ್ತೀವಿ," ಎಂದರು ಸಿಸ್ಟರ್ ಫಿಲೋಮಿನಾ, ಮೆಲ್ಲಗೆ.

"ಬ್ಯಾಡ ಸಿಸ್ಟರ್. ಅದು ನನ್ನ ಕೂಸಿಂದು. ಮನೀಗೆ ಒಯ್ತೀನಿ."

ಸಿಸ್ಟರ್ ಬಾಟಲಿಗಳನ್ನು ಐಸ್ ಬಾಕ್ಸಿಗೆ ತುಂಬಿ ಅವಳ ಕೈಗೆ ಕೊಟ್ಟರು.

ಹೊರಗೆ ಬೆಂಚಿನ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಅವರ ಕಣ್ಣು ಬಾಕ್ಸಿನ ಮೇಲೆ ಬಿತ್ತು.

"ಕೂಸಿಗೆ ಹಾಲು ತಂದೀಯೇನವ್ವಾ? ಪುಣ್ಯ ಮಾಡೈತಿ ಬಿಡು ನಿನ್ನ ಕೂಸು... ನನ್ನ ಸೊಸಿ ಹಡದಾಗಿಂದ ಕಣ್ಣ ತೆರದಿಲ್ಲ. ಬ್ಯಾಂಕಿನ್ಯಾಗೂ ಇವತ್ತ ಹಾಲು ಮುಗದೈತಂತ."

ನೀಲಾಂಬಿಕಾ ಬಾಕ್ಸನ್ನು ಎದೆಗೆ ಒತ್ತಿ ಹಿಡಿದಳು.

ಅವಳು ಕಾಲೇಜಿನಲ್ಲಿ ಜೀವಶಾಸ್ತ್ರದ ಲೆಕ್ಚರರ್. ಪ್ರತಿ ವರ್ಷ ಬೋರ್ಡಿನ ಮುಂದೆ ನಿಂತು ತಾನೇ ಹೇಳುತ್ತಿದ್ದ ಪಾಠ ಈಗ ನೆನಪಾಯಿತು...

ರೋಗದ ಜೊತೆ ಹೋರಾಡುವ ಆಂಟಿಬಾಡಿಯ ಜೀನ್ ಒಂದೇ. ಆದರೆ ಆ ಜೀನ್ ಕಳಿಸುವ ಆರ್‌ಎನ್‌ಎ ಸಂದೇಶವನ್ನು ಜೀವಕೋಶ ಎಲ್ಲಿ ಕತ್ತರಿಸುತ್ತದೆ ಎನ್ನುವುದೇ ಮುಖ್ಯ.

ಕೊನೆಯ ಒಂದು ತುಂಡು ಉಳಿದರೆ, ಆಂಟಿಬಾಡಿ ತನ್ನ ಕೋಶಕ್ಕೇ ಅಂಟಿಕೊಂಡು ಅಲ್ಲೇ ಕಾವಲು ನಿಲ್ಲುತ್ತದೆ.

ಆ ತುಂಡನ್ನು ಕತ್ತರಿಸಿ ಬಿಟ್ಟರೆ ಮಾತ್ರ ಹೊರಡುತ್ತದೆ... ರಕ್ತಕ್ಕೆ, ತಾಯಿಯ ಹಾಲಿಗೆ, ಇನ್ನೊಂದು ಜೀವವನ್ನು ಕಾಯಲಿಕ್ಕೆ.

ಈ ಬಾಟಲಿಗಳಲ್ಲಿ ಇದ್ದದ್ದೂ ಅದೇ. ಅವಳ ಜೀವಕೋಶಗಳು ಎಂದೋ ಬಿಟ್ಟುಕೊಟ್ಟದ್ದನ್ನು, ಅವಳು ಮಾತ್ರ ಎದೆಗವಚಿಕೊಂಡು ನಿಂತಿದ್ದಳು.

"ಹೂಂ ಅಜ್ಜಿ..." ಎಂದಳು. "ಕೂಸಿಗೇ ತಂದೀನಿ."

ತಿರುಗಿ ಒಳಗೆ ನಡೆದಳು.

ಬಾಕ್ಸನ್ನು ಮೇಜಿನ ಮೇಲಿಟ್ಟಾಗ ಸಿಸ್ಟರ್‌ಗೆ ಎಲ್ಲ ಅರ್ಥವಾಯಿತು. "ಬ್ಯಾಂಕಿನ ಚೀಟಿ ಹಚ್ಚಬೇಕ್ರಿ ಮೇಡಂ... ಹಳೇವು ನಾ ತಗೀಲೇನ್ರಿ?"

"ಬ್ಯಾಡ್ರಿ. ನಾನೇ ತಗೀತೀನಿ."

ಉಗುರಿನಿಂದ ಒಂದೊಂದೇ ಚೀಟಿ ಬಿಡಿಸಿದಳು. ಕಣ್ಣೀರು ಕೈಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೊನೆಯ ಚೀಟಿಯನ್ನು ಮಾತ್ರ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಆ ಹಾಲು ಯಾವ ಕೂಸಿನ ಬಾಯಿಗೆ ಹೋಗುತ್ತದೆ ಎಂದು ಅವಳು ಕೇಳಲಿಲ್ಲ.

ಹೋಗುವಾಗ ಅಜ್ಜಿ ಅವಳ ಬರಿಗೈ ನೋಡಿ ನಕ್ಕರು. "ಕುಡೀತೇನವ್ವಾ ಕೂಸು?"

"ಕುಡೀತೈತಿ ಅಜ್ಜಿ..."

*

ಹಿಡಿದಿಟ್ಟ ಪ್ರೀತಿ ನಮ್ಮಲ್ಲೇ ಉಳಿಯುತ್ತದೆ... ಬಿಟ್ಟುಕೊಟ್ಟ ಪ್ರೀತಿ ಇನ್ನೊಂದು ಜೀವವನ್ನು ಕಾಯುತ್ತದೆ.

ನೀವು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿರುವುದಕ್ಕಾಗಿ ಯಾರಾದರೂ ಹೊರಗೆ ಕಾದು ಕೂತಿರಬಹುದೇ?